ಊರಿಲ್ಲದ ಭಯ

ನಲವತ್ತು ದಾಟಿದ ಗುಮಾಸ್ತನೊಬ್ಬ ಬೆಳಗಿನ ಲೋಕಲ್ ಗಾಡಿಯಲ್ಲಿ ದೆವ್ವದ ಕತೆಗಳ ಪುಸ್ತಕ ಹಿಡಿದು ನಿಂತರೆ ನೋಡಿದವರಿಗೆ ನಗು ಬರುವುದು ಸಹಜ. ಡೊಂಬಿವಲಿಯಿಂದ ಥಾಣೆಗೆ, ಥಾಣೆಯಲ್ಲಿ ಗಾಡಿ ಬದಲಿಸಿ ಬೇಲಾಪುರಕ್ಕೆ ಹೋಗುವ ಈ ದಿನನಿತ್ಯದ ಯಾತ್ರೆಯಲ್ಲಿ ಕೆಲವರು ಭಜನೆ ಮಾಡುತ್ತಾರೆ, ಕೆಲವರು ಇಸ್ಪೀಟು ಆಡುತ್ತಾರೆ, ಉಳಿದವರೆಲ್ಲ ಮೊಬೈಲು ನೋಡುತ್ತಾರೆ. ನಾನು ಕೆಲವು ವರ್ಷಗಳಿಂದ ಅಮೆರಿಕದ ಹಳೆಯ ಭಯಾನಕ ಕತೆಗಳನ್ನು ಓದುತ್ತ ಬಂದಿದ್ದೇನೆ. ನಮ್ಮ ಸಂಘದ ಹಿರಿಯರೊಬ್ಬರು ಅದನ್ನು ಕಂಡು, "ಏನು ಮಾರಾಯರೇ, ಬಿ.ಎಸ್ಸಿ. ಓದಿದವರು ಇಂಥಾದ್ದನ್ನೆಲ್ಲ ನಂಬುತ್ತೀರಾ?" ಎಂದು ಕೇಳಿದರು. ಇಲ್ಲ, ನಂಬುವುದಿಲ್ಲ ಎಂದೆ. "ಮತ್ತೆ ಓದುವುದು ಯಾತಕ್ಕೆ?" ಎಂದರು. ಅಷ್ಟರಲ್ಲಿ ಮುಂಬ್ರಾ ಬಂತು, ಜನ ನುಗ್ಗಿದರು, ಮಾತು ಅಲ್ಲಿಗೇ ನಿಂತಿತು. ಅಂದು ಕೊಡಲಾಗದ ಉತ್ತರವನ್ನು ಇಲ್ಲಿ ಬರೆಯುತ್ತಿದ್ದೇನೆ.

ನಾನು ಸಾಹಿತ್ಯದ ವಿದ್ಯಾರ್ಥಿಯಲ್ಲವೆಂಬುದನ್ನು ಮೊದಲೇ ಹೇಳಿಬಿಡಬೇಕು. ಕಾರ್ಕಳದ ಕಡೆಯ ಹಳ್ಳಿಯೊಂದರಲ್ಲಿ ಬೆಳೆದು, ರಸಾಯನಶಾಸ್ತ್ರ ಓದಿ, ಪರೀಕ್ಷೆ ಕಟ್ಟಿ, ಕೇಂದ್ರ ಸರಕಾರದ ನೌಕರಿ ಹಿಡಿದು 2003ರಲ್ಲಿ ಈ ಕಡೆಗೆ ಬಂದವನು. ಮಾಟುಂಗದ ಕಿಂಗ್ಸ್ ಸರ್ಕಲಿನ ಫುಟ್‌ಪಾತಿನಲ್ಲಿ ಇಲಾಖಾ ಪರೀಕ್ಷೆಯ ಗೈಡು ಹುಡುಕುತ್ತಿದ್ದಾಗ ಎಡ್ಗರ್ ಅಲನ್ ಪೋನ ಕತೆಗಳ ಸಂಗ್ರಹವೊಂದು ಕೈಗೆ ಸಿಕ್ಕಿತು. ಬೆನ್ನು ಕಿತ್ತುಹೋದ ಪುಸ್ತಕ, ಇಪ್ಪತ್ತು ರೂಪಾಯಿ. ಆ ಕಾಲದಲ್ಲಿ ಫಾಸ್ಟ್ ಲೋಕಲ್‌ಗಳು ಪಾರ್ಸಿಕ್ ಸುರಂಗದೊಳಗಿಂದ ಬರುತ್ತಿದ್ದವು. ಗಾಡಿ ಸುರಂಗ ಹೊಕ್ಕಾಗ ನಾನು 'ದಿ ಟೆಲ್-ಟೇಲ್ ಹಾರ್ಟ್' ಕತೆಯ ಕೊನೆಯ ಪುಟದಲ್ಲಿದ್ದೆ. ಸುರಂಗದ ಗೋಡೆಗೆ ಬಡಿದು ಗಾಲಿಯ ಸದ್ದು ಇಮ್ಮಡಿಯಾಗುವುದು ಹಳೆಯ ಪ್ರಯಾಣಿಕರಿಗೆಲ್ಲ ತಿಳಿದದ್ದೇ. ಅಂದು ಆ ಸದ್ದನ್ನು ನಾನು ಕೇಳಿದ ರೀತಿಯೇ ಬೇರೆ.

1843ರಲ್ಲಿ ಪ್ರಕಟವಾದ ಆ ಕತೆ ಐದಾರು ಪುಟಗಳದ್ದು. ಒಬ್ಬನು ತಾನು ಹುಚ್ಚನಲ್ಲವೆಂದು ನಮಗೆ ರುಜುವಾತು ಮಾಡಲು ಹೊರಡುತ್ತಾನೆ. ತನ್ನ ಜೊತೆಯಲ್ಲಿದ್ದ ಮುದುಕನ ಮೇಲೆ ಅವನಿಗೆ ದ್ವೇಷವಿಲ್ಲ, ಹಣದ ಆಸೆಯೂ ಇಲ್ಲ. ಪೊರೆ ಬಂದ ಆ ಮುದುಕನ ಒಂದು ಕಣ್ಣನ್ನು ಮಾತ್ರ ಸಹಿಸಲಾರ. ಏಳು ರಾತ್ರಿ ಕಾದು ಎಂಟನೆಯ ರಾತ್ರಿ ಕೊಲ್ಲುತ್ತಾನೆ, ಶವವನ್ನು ನೆಲದ ಹಲಗೆಗಳ ಕೆಳಗೆ ಬಚ್ಚಿಡುತ್ತಾನೆ. ಪೋಲೀಸರು ಬಂದಾಗ ಅದೇ ಜಾಗದ ಮೇಲೆ ಕುರ್ಚಿ ಹಾಕಿಕೊಂಡು ಕುಳಿತು ಹರಟುತ್ತಾನೆ. ಆಗ ಅವನಿಗೆ ಎದೆಬಡಿತ ಕೇಳಿಸುತ್ತದೆ. ಯಾರದು? ಸತ್ತವನದೇ, ತನ್ನದೇ? ಪೋ ಹೇಳುವುದಿಲ್ಲ. ಕತೆಯಲ್ಲಿ ಯಾರಿಗೂ ಹೆಸರಿಲ್ಲ. ಊರಿಗೂ ಹೆಸರಿಲ್ಲ. ಕೊಲೆಗಾರನು ಮುದುಕನ ಮಗನೋ, ಬಾಡಿಗೆಯವನೋ, ಆಳೋ ಎಂಬುದು ಕೂಡ ಗೊತ್ತಾಗುವುದಿಲ್ಲ.

ಈ ಕೊನೆಯ ಅಂಶವೇ ನನ್ನನ್ನು ಹೆಚ್ಚು ಕಾಡಿದ್ದು. ಏಕೆಂದರೆ ನಾನು ಬೆಳೆದ ಸೀಮೆಯಲ್ಲಿ ಭಯಕ್ಕೆ ಹೆಸರಿರುತ್ತಿತ್ತು, ವಿಳಾಸವಿರುತ್ತಿತ್ತು. ಪಂಜುರ್ಲಿ, ಜುಮಾದಿ, ಕಲ್ಲುರ್ಟಿ ಎಂದು ದೈವಗಳ ಹೆಸರು ಹೇಳಿದರೆ ಯಾವ ಮನೆಯವು, ಯಾವ ಗುಡ್ಡೆಯವು, ಅವಕ್ಕೆ ಸಲ್ಲಬೇಕಾದ್ದೇನು ಎಂದು ಮಕ್ಕಳಿಗೂ ಗೊತ್ತಿರುತ್ತಿತ್ತು. ವರ್ಷಕ್ಕೊಮ್ಮೆ ಕೋಲ, ಸಂಕ್ರಾಂತಿಗೆ ದೀಪ, ತಂಬಿಲ. ತಪ್ಪಿದರೆ ದೈವ ಸಿಟ್ಟಾಗುತ್ತದೆ, ಆದರೆ ಆ ಸಿಟ್ಟಿಗೂ ಒಂದು ನ್ಯಾಯವಿರುತ್ತದೆ. ಎದುರು ನಿಂತು ಕೇಳಬಹುದು. ಉತ್ತರ ಸಿಗುತ್ತದೆ, ಕೆಲವೊಮ್ಮೆ ಬೈಗುಳವೂ ಸಿಗುತ್ತದೆ, ಕೊನೆಗೆ ಗಂಧಪ್ರಸಾದ ಸಿಗುತ್ತದೆ. 2022ರಲ್ಲಿ 'ಕಾಂತಾರ' ಚಿತ್ರ ಬಂದಾಗ ನಮ್ಮವರು ಸಂಸಾರ ಸಮೇತ ಎರಡೆರಡು ಸಲ ಹೋಗಿ ನೋಡಿದರಷ್ಟೆ. ಅದರಲ್ಲಿ ದೈವ ಬರುವುದು ಮಾತು ತಪ್ಪಿದವನಿಂದ ಬಾಕಿ ವಸೂಲಿಗೆ. ಅರಸನು ಕೊಟ್ಟ ಭೂಮಿಯ ಲೆಕ್ಕ ಅದು. ನಮ್ಮ ಕಚೇರಿಯ ಭಾಷೆಯಲ್ಲಿ ಹೇಳುವುದಾದರೆ ತುಳುನಾಡಿನ ಭೂತದ ಬಳಿ ಕಡತವಿದೆ, ನಂಬರಿದೆ. ಪೋನ ಭಯಕ್ಕೆ ಕಡತವೇ ಇಲ್ಲ.

ಹಾಗೆಂದು ನಮ್ಮ ಕನ್ನಡಕ್ಕೆ ಈ ಒಳಗಿನ ಭಯ ಹೊಸದೆನ್ನುವಂತಿಲ್ಲ. 1209ರ ಜನ್ನನ 'ಯಶೋಧರ ಚರಿತೆ'ಯನ್ನು ಇಲ್ಲಿ ನೆನೆಯಬೇಕು. ಕೆಟ್ಟ ಕನಸಿನ ಶಾಂತಿಗಾಗಿ ಪ್ರಾಣಿಬಲಿ ಕೊಡೆಂದು ತಾಯಿ ಹೇಳುತ್ತಾಳೆ. ಜೀವಹಿಂಸೆಗೆ ಒಪ್ಪದ ಯಶೋಧರ ತಾಯಿಯ ಮಾತನ್ನೂ ಮೀರಲಾರದೆ ಹಿಟ್ಟಿನ ಕೋಳಿಯೊಂದನ್ನು ಮಾಡಿಸಿ ಕತ್ತರಿಸುತ್ತಾನೆ. ಹಿಟ್ಟಿನ ಕೋಳಿ ಕೂಗುತ್ತದೆ! ಅದರ ಅಂದಕ್ಕೆ ಮರುಳಾಗಿ ಬೆಂತರವೊಂದು ಒಳಹೊಕ್ಕಿತ್ತೆಂದು ಜನ್ನ ಕಾರಣ ಕೊಡುತ್ತಾನೆ. ಕಾರಣ ಏನೇ ಇರಲಿ, ಆ ಕೂಗು ಓದುಗನ ಕಿವಿಯಲ್ಲಿ ಉಳಿದುಬಿಡುತ್ತದೆ. ರಕ್ತವಿಲ್ಲ, ಪ್ರಾಣ ಹೋಗಿಲ್ಲ. ಆದರೂ ಕೊಲ್ಲುವ ಸಂಕಲ್ಪ ಮಾಡಿದ ಕೈಗೆ ಅದು ಕೇಳಿಸಿತು. ನೆಲದ ಹಲಗೆಯ ಕೆಳಗಿನ ಎದೆಬಡಿತಕ್ಕೂ ಈ ಕೂಗಿಗೂ ಆರುನೂರು ವರ್ಷಗಳ ಅಂತರವಿದೆ, ನಡುವೆ ಸಮುದ್ರಗಳಿವೆ. ಸದ್ದು ಮಾತ್ರ ಒಂದೇ ಜಾತಿಯದು. ಪೋನನ್ನು ಓದಿದ ಮೇಲೆ ನಾನು ಜನ್ನನಿಗೆ ಹೆಚ್ಚು ಹೆದರತೊಡಗಿದೆ ಎಂದರೆ ಪಂಡಿತರು ಕ್ಷಮಿಸಬೇಕು.

ಆದರೆ ಮುಂದಿನ ದಾರಿ ಬೇರೆಯಾಗುತ್ತದೆ. ಜನ್ನನಲ್ಲಿ ತಾಯಿಯೂ ಮಗನೂ ನವಿಲಾಗಿ, ನಾಯಾಗಿ, ಜನ್ಮಜನ್ಮಗಳಲ್ಲಿ ನರಳಿ, ಕೊನೆಗೆ ಅಭಯರುಚಿ, ಅಭಯಮತಿಗಳೆಂಬ ಮಕ್ಕಳಾಗಿ ಹುಟ್ಟಿ ಆ ಕತೆಯನ್ನು ತಾವೇ ಹೇಳುತ್ತಾರೆ. ಅದನ್ನು ಕೇಳಿದ ಅರಸನ ಮನಸ್ಸೂ ತಿರುಗುತ್ತದೆ. ಅಂದರೆ ಆ ಕೂಗಿನ ಲೆಕ್ಕ ಎಷ್ಟು ಜನ್ಮಕ್ಕಾದರೂ ಚುಕ್ತಾ ಆಗುತ್ತದೆ. ಪೋನ ಕೊಲೆಗಾರನಿಗೆ ಆ ಸೌಲಭ್ಯವಿಲ್ಲ. ಇರುವುದು ಒಂದೇ ಜನ್ಮ, ಒಂದೇ ಕೋಣೆ. ನಮ್ಮ ಅಲಂಕಾರಿಕರು ಭಯಾನಕವನ್ನು ರಸಗಳಲ್ಲಿ ಎಣಿಸಿದರೂ ಅದನ್ನು ಪಂಕ್ತಿಯಲ್ಲಿ ಮೊದಲು ಕೂರಿಸಿದವರಲ್ಲ. ಅಭಿನವಗುಪ್ತನು ಭಯಾನಕಕ್ಕೆ ಕೊಡುವ ಪ್ರಸಿದ್ಧ ಉದಾಹರಣೆ 'ಶಾಕುಂತಲ'ದಲ್ಲಿ ದುಷ್ಯಂತನ ಬಾಣಕ್ಕೆ ಹೆದರಿ ಓಡುವ ಜಿಂಕೆ. ಆ ಜಿಂಕೆಯ ಭಯ ಎಷ್ಟು ಸುಂದರ! ಬೇಟೆಯೂ ಬೇಗ ನಿಲ್ಲುತ್ತದೆ, ಮುನಿಗಳು ಅಡ್ಡ ಬಂದು ತಡೆಯುತ್ತಾರೆ. ಪೋನ ಕತೆಗಳಲ್ಲಿ ತಡೆಯುವ ಮುನಿಗಳಿಲ್ಲ.

ಇದಕ್ಕೆ ಅವನ ಜೀವನ ಸ್ವಲ್ಪ ಮಟ್ಟಿಗೆ ಕಾರಣವಿರಬಹುದು. 1809ರಲ್ಲಿ ಬಾಸ್ಟನ್ನಿನಲ್ಲಿ ನಾಟಕದವರ ಮಗನಾಗಿ ಹುಟ್ಟಿ, ಮೂರು ತುಂಬುವ ಮೊದಲೇ ತಾಯಿಯನ್ನು ಕಳೆದುಕೊಂಡು, ಬೇರೆಯವರ ಮನೆಯಲ್ಲಿ ಬೆಳೆದು, ಊರಿಂದೂರಿಗೆ ಮಾಸಪತ್ರಿಕೆಗಳ ಚಾಕರಿ ಮಾಡುತ್ತ ಅಲೆದು, ಕ್ಷಯದಿಂದ ಹೆಂಡತಿಯನ್ನು ಕಳೆದುಕೊಂಡು, 1849ರಲ್ಲಿ ನಲವತ್ತನೆಯ ವಯಸ್ಸಿಗೆ ಬಾಲ್ಟಿಮೋರಿನಲ್ಲಿ ತೀರಿಹೋದವನು. ನೀನು ಜರ್ಮನಿಯ ಭೂತಕತೆಗಳ ಅನುಕರಣೆ ಮಾಡುತ್ತೀಯೆಂದು ಅಂದಿನ ವಿಮರ್ಶಕರು ಅವನನ್ನು ದೂರಿದಾಗ, ತನ್ನ ಭಯ ಬಂದದ್ದು ಯಾವ ದೇಶದಿಂದಲೂ ಅಲ್ಲ, ಮನುಷ್ಯನ ಆತ್ಮದಿಂದ ಎಂಬರ್ಥದ ಉತ್ತರವನ್ನು 1840ರ ತನ್ನ ಸಂಗ್ರಹದ ಮುನ್ನುಡಿಯಲ್ಲಿ ಕೊಟ್ಟ.

ಆ ಉತ್ತರ ಅರ್ಧ ಸತ್ಯವೆಂದು ನನಗೆ ತೋರುತ್ತದೆ. ಅಮೆರಿಕಕ್ಕೆ ಹೋದ ಯೂರೋಪಿನವರು ತಮ್ಮ ಸತ್ತವರನ್ನು ಹಿಂದೆ ಬಿಟ್ಟು ಹೋದರು. ಹೊಸ ನೆಲದಲ್ಲಿ ಇದ್ದದ್ದು ಬೇರೆಯವರ ಸತ್ತವರು, ಬೇರೆಯವರ ದೈವಗಳು. ಅವರ ಭಾಷೆ ಇವರಿಗೆ ತಿಳಿಯದು, ಅವರಿಗೆ ಸಲ್ಲಬೇಕಾದ್ದನ್ನು ಇವರು ಸಲ್ಲಿಸಿಲ್ಲ. ಪೋ ತನ್ನ ಅಶರ್ ಮನೆತನದ ಕತೆ ಬರೆದ 1839ರ ಹೊತ್ತಿಗೆ ಚೆರೋಕಿ ಜನಾಂಗವನ್ನು ಸೈನ್ಯದ ಬಲದಿಂದ ನೆಲ ಬಿಡಿಸಿ ಪಶ್ಚಿಮಕ್ಕೆ ಅಟ್ಟಿದ್ದು ಆಗಷ್ಟೇ ಮುಗಿದಿತ್ತು. ದಾರಿಯಲ್ಲಿ ಸಾವಿರಾರು ಜನ ಸತ್ತರು. ಪೋ ಅದರ ಬಗ್ಗೆ ಆ ಕತೆಯಲ್ಲಿ ಒಂದಕ್ಷರ ಬರೆಯಲಿಲ್ಲ. ಆದರೆ ಹಲಗೆಯ ಕೆಳಗೆ ಏನೋ ಇದೆ ಎಂಬ ಭಯ ಆ ದೇಶದ ಸಾಹಿತ್ಯಕ್ಕೆ ಮತ್ತೆ ಮತ್ತೆ ಬರುವುದು ಕೇವಲ ಒಬ್ಬನ ಆತ್ಮದ ವಿಷಯವೆಂದು ನಾನು ಒಪ್ಪಲಾರೆ.

ಈಗ ನಮ್ಮ ಕಡೆಗೆ ಬರೋಣ. ನಾನು ಕೆಲಸಕ್ಕೆ ಹೋಗುವ ಬೇಲಾಪುರ, ನಮ್ಮವರು ಅನೇಕರು ಬ್ಲಾಕು ಕೊಂಡಿರುವ ನೆರೂಳ, ವಾಶಿ, ಐರೋಲಿ, ಇವೆಲ್ಲ 1970ರಲ್ಲಿ ಸಿಡ್ಕೋ ಸ್ಥಾಪನೆಯಾಗುವ ಮೊದಲು ಆಗ್ರಿ, ಕೋಳಿ ಜನರ ಗದ್ದೆ, ಉಪ್ಪಿನಾಗರ, ಮೀನಿನ ಖಾರಿಗಳು. ತೊಂಬತ್ತೈದು ಹಳ್ಳಿಗಳ ಭೂಮಿ. ಪರಿಹಾರಕ್ಕಾಗಿ ಹೋರಾಡಿದ ರೈತರ ಮೇಲೆ 1984ರ ಜನವರಿಯಲ್ಲಿ ಉರಣ ತಾಲೂಕಿನ ಜಾಸಯಿ ಕಡೆ ಗೋಲಿಬಾರ್ ಆಗಿ ಐವರು ಸತ್ತರು. ಎತ್ತರದ ಕಟ್ಟಡಗಳ ನಡುವೆ ಇವತ್ತಿಗೂ ಚಿಕ್ಕ ಚಿಕ್ಕ ಗಾವದೇವಿಯ ಗುಡಿಗಳು ಕಾಣುತ್ತವೆ. ನಾನು ಇಪ್ಪತ್ತು ವರ್ಷ ಆ ಗುಡಿಗಳ ಮುಂದೆ ನಡೆದಿದ್ದೇನೆ, ಆ ದೇವಿಗೆ ಸಲ್ಲುವುದೇನೆಂದು ಒಮ್ಮೆಯೂ ಯಾರನ್ನೂ ಕೇಳಿದವನಲ್ಲ. ನಮ್ಮ ದೈವ ಊರಿನಲ್ಲಿ ಉಳಿಯಿತು; ಇಲ್ಲಿಯ ದೈವದ ಪರಿಚಯ ಆಗಲಿಲ್ಲ. ಇಂಥ ನಡುನೀರಿನಲ್ಲಿರುವವನಿಗೆ ಪೋನ ಹೆಸರಿಲ್ಲದ ಕೋಣೆ ಚೆನ್ನಾಗಿ ಅರ್ಥವಾಗುತ್ತದೆ.

ಊರಿನ ಮಾತು ಬಂತು. 'ದಿ ಫಾಲ್ ಆಫ್ ದ ಹೌಸ್ ಆಫ್ ಅಶರ್' ಕತೆಯನ್ನು ಇಲ್ಲಿಯ ವಾಚಕರು ವಿಶೇಷವಾಗಿ ಓದಬೇಕೆಂದು ನನ್ನ ಆಸೆ. ಕತೆ ಹೇಳುವವನು ಶರತ್ಕಾಲದ ಮಬ್ಬು ದಿನವೊಂದರಲ್ಲಿ ಹಳೆಯ ಗೆಳೆಯನ ಮನೆಗೆ ಕುದುರೆಯೇರಿ ಬರುತ್ತಾನೆ. ಆ ಸುತ್ತಿನ ರೈತರ ಬಾಯಲ್ಲಿ 'ಅಶರ್ ಮನೆ' ಎಂದರೆ ಕಟ್ಟಡವೂ ಹೌದು, ವಂಶವೂ ಹೌದು. ಇಂಗ್ಲಿಷ್ ಓದುಗರಿಗೆ ಇದನ್ನು ವಿವರಿಸಬೇಕಾಗುತ್ತದೆ. ಗುತ್ತು, ಬೀಡು, ಬರ್ಕೆಗಳಿಂದ ಬಂದ ನಮಗೆ ವಿವರಣೆ ಬೇಡ; ನಮ್ಮಲ್ಲಿ ಮನೆಯ ಹೆಸರೇ ಮನುಷ್ಯನ ಹೆಸರು. ಮನೆಯಲ್ಲಿ ಉಳಿದವರು ಅಣ್ಣ ತಂಗಿ ಇಬ್ಬರೇ, ಅವಳಿಗಳು, ಇಬ್ಬರೂ ರೋಗಿಗಳು. ಮಾಡಿನಿಂದ ಕೆಳಗೆ ಕೊಳದವರೆಗೆ ಗೋಡೆಯಲ್ಲಿ ಕೂದಲೆಳೆಯಷ್ಟು ಬಿರುಕು. ಗಮನಿಸಿ ನೋಡಿದರೆ ಮಾತ್ರ ಕಾಣುವಂಥದು. ತಂಗಿ ಸತ್ತಳೆಂದು ನೆಲಮನೆಯಲ್ಲಿ ಇಡುತ್ತಾರೆ. ಅವಳು ಸತ್ತಿರುವುದಿಲ್ಲ. ಅಣ್ಣನಿಗೆ ದಿನಗಟ್ಟಲೆ ಅವಳ ಸದ್ದು ಕೇಳಿಸುತ್ತಿರುತ್ತದೆ, ಅವನು ಬಾಯಿಬಿಡುವುದಿಲ್ಲ. ಕೊನೆಗೆ ಅವಳು ಬಂದು ಅವನ ಮೇಲೆ ಬೀಳುತ್ತಾಳೆ, ಬಿರುಕು ಬಾಯಿತೆರೆದು ಮನೆ ಕೊಳದಲ್ಲಿ ಮುಳುಗುತ್ತದೆ.

ಮೊದಲ ಸಲ ಓದಿದಾಗ ತಂಗಿ ಎದ್ದು ಬರುವುದೇ ಭಯಂಕರವೆನಿಸಿತ್ತು. ಈಗ ಹಾಗನಿಸುವುದಿಲ್ಲ. ಕೇಳಿಸಿಯೂ ಸುಮ್ಮನೆ ಕುಳಿತ ಅಣ್ಣನೇ ಈ ಕತೆಯ ಭಯ. ಪೋನ ಶಕ್ತಿ ಇರುವುದು ಇಲ್ಲಿ. ಕೊನೆಯ ಪುಟದ ಆರ್ಭಟವನ್ನು, ಬಿರುಗಾಳಿಯನ್ನು, ಕೆಂಪು ಚಂದ್ರನನ್ನು ತೆಗೆದುಹಾಕಿದರೂ ಕತೆಗೆ ನಷ್ಟವಾಗದು. ಅವನಿಗೆ ಆರ್ಭಟದ ಚಟವಿತ್ತೆಂಬುದನ್ನು ಮರೆಮಾಚಬೇಕಾಗಿಲ್ಲ.

ನಮ್ಮ ಅಜ್ಜಿಮನೆಯ ಮಾತನ್ನು ಇಲ್ಲಿ ಹೇಳದಿದ್ದರೆ ನನ್ನ ಅಭಿಪ್ರಾಯಕ್ಕೆ ಆಧಾರವಿರುವುದಿಲ್ಲ. ಅಳಿಯಸಂತಾನದ ಮನೆ. 1949ರ ಕಾಯಿದೆಯ ನಂತರ ಪಾಲು ಕೇಳಬಹುದೆಂದಾಯಿತು, ಕೇಳಿದರು, ದಾವೆ ಒಂದು ತಲೆಮಾರು ದಾಟಿತು. ದೊಡ್ಡಮ್ಮ 2019ರಲ್ಲಿ ಮಗನ ಜೊತೆ ಬೆಂಗಳೂರಿಗೆ ಹೋದ ಮೇಲೆ ಬಾಗಿಲಿಗೆ ಬೀಗ. ದೈವದ ಕೋಣೆಯಲ್ಲಿ ಪಂಜುರ್ಲಿಯ ಮೊಗ, ಕಡ್ಸಲೆ, ಮಣಿ ಹಾಗೆಯೇ ಇವೆ. ದೀಪ ಇಡುವುದು ಯಾರ ಸರದಿ ಎಂಬ ಬಗ್ಗೆ ಫೋನಿನಲ್ಲಿ ಒಂದು ಗುಂಪು ಮಾಡಿಕೊಂಡಿದ್ದೇವೆ, ಅಲ್ಲಿ ಎಲ್ಲರೂ ಕೈಮುಗಿದ ಚಿತ್ರ ಹಾಕುತ್ತಾರೆ. ನಾನೂ ಹಾಕಿದ್ದೇನೆ.

ಡೊಂಬಿವಲಿಯ ನಮ್ಮ ಬ್ಲಾಕಿನಲ್ಲಿ ಒಂದು ನಸುಕಿನಲ್ಲಿ ಅಮ್ಮ ನನ್ನನ್ನು ಎಬ್ಬಿಸಿ, "ಮಣಿ ಕೇಳಿತಾ ಮಗಾ?" ಎಂದರು. ಕೇಳಿತು. ನಾನು ಬಿ.ಎಸ್ಸಿ. ಪದವೀಧರನಲ್ಲವೇ? ನಾಲ್ಕು ಗಂಟೆಗೆ ನೀರು ಬಿಡುವಾಗ ಪೈಪಿನೊಳಗೆ ಸಿಕ್ಕಿದ ಗಾಳಿ ಗುದ್ದುವುದರಿಂದ ಆ ಸದ್ದು ಬರುತ್ತದೆಂದು ಗೋಡೆಯ ಮೇಲೆ ಕೈಯಿಟ್ಟು ತೋರಿಸಿದೆ. ಅಮ್ಮ ಕೈಯಿಟ್ಟು ನೋಡಿದರು, ಒಪ್ಪಿದರು. ಆಮೇಲೆ, "ಪೈಪೇ ಇರಬಹುದು. ಸಂಕ್ರಾಂತಿ ದಿನವೇ ಬಡಿಯಬೇಕಾ ಅದು?" ಎಂದು ಹೇಳಿ ಮಲಗಿದರು. ನನಗೆ ನಿದ್ದೆ ಬರಲಿಲ್ಲ. ಪೈಪಿನ ವಿಷಯದಲ್ಲಿ ನನಗೆ ಸಂಶಯವಿರಲಿಲ್ಲ, ಇವತ್ತಿಗೂ ಇಲ್ಲ. ರೈಲಿನಲ್ಲಿ ನನ್ನನ್ನು ಪ್ರಶ್ನಿಸಿದ ಹಿರಿಯರಿಗೆ ಇದಕ್ಕಿಂತ ಉತ್ತಮ ಉತ್ತರ ನನ್ನಲ್ಲಿಲ್ಲ. ನಂಬದವನಿಗೂ ನಿದ್ದೆ ಬಾರದ ರಾತ್ರಿಗಳಿವೆ, ಆ ರಾತ್ರಿಗಳ ಬಗ್ಗೆ ಬರೆದವನು ಪೋ.

ಇನ್ನು ಹೆಚ್. ಪಿ. ಲವ್‌ಕ್ರಾಫ್ಟ್. 1890ರಿಂದ 1937ರ ತನಕ ಬದುಕಿದ್ದ ಈತನನ್ನು ಪೋನ ಉತ್ತರಾಧಿಕಾರಿಯೆಂದು ಹೊಗಳುವವರು ಬಹಳ. ಸಮುದ್ರದ ತಳದಲ್ಲಿ ಮಲಗಿರುವ ಪ್ರಾಚೀನ ಜೀವಿಗಳು, ಮನುಷ್ಯನನ್ನು ಇರುವೆಯಷ್ಟೂ ಲೆಕ್ಕಿಸದ ಬ್ರಹ್ಮಾಂಡ. ವಿಜ್ಞಾನ ಓದಿದವನಿಗೆ ಆ ಕಲ್ಪನೆ ಹಿಡಿಸದೆ ಇರದು. ಉಲ್ಕೆಯೊಡನೆ ಬಿದ್ದ ಹೆಸರಿಲ್ಲದ ಬಣ್ಣವೊಂದು ಹೊಲಮನೆಯನ್ನು ತಿಂದುಹಾಕುವ 1927ರ ಕತೆ ನಿಜಕ್ಕೂ ಶ್ರೇಷ್ಠ. ಆದರೆ ಅದೇ ವರ್ಷದ 'ದಿ ಹಾರರ್ ಅಟ್ ರೆಡ್ ಹುಕ್' ಓದಿ ನಾನು ಪುಸ್ತಕ ಮುಚ್ಚಿಟ್ಟೆ. ಈತ 1924ರಿಂದ 1926ರವರೆಗೆ ನ್ಯೂಯಾರ್ಕಿನ ಬ್ರೂಕ್ಲಿನ್ನಿನಲ್ಲಿದ್ದ. ಬಂದರಿನ ಬಳಿಯ ಗಲ್ಲಿಗಳಲ್ಲಿ ಸಿರಿಯಾ, ಇಟಲಿ, ಸ್ಪೇನಿನ ಕಡೆಯ ವಲಸೆಗಾರರು, ಕರಿಯರು ಒತ್ತೊತ್ತಾಗಿ ಬದುಕುತ್ತಿದ್ದುದನ್ನು ಕಂಡು ಅವನಿಗೆ ಜುಗುಪ್ಸೆಯಾಯಿತು. ಆ ಜುಗುಪ್ಸೆಯೇ ಕತೆಯಾಯಿತು. ಅಲ್ಲಿ ಪಿಶಾಚಿಗಳನ್ನು ಪೂಜಿಸುವವರು ವಲಸೆಗಾರರು. ಅವರ ಭಾಷೆ ಗೊಣಗಾಟ, ಅವರ ಮುಖ ಅಪರಾಧ, ಅವರ ಅಡಿಗೆಯ ವಾಸನೆಯೂ ಅಪಶಕುನ.

ಓದುತ್ತಿದ್ದಂತೆ ನನ್ನ ಸೋದರಮಾವ ನೆನಪಾದರು. ಹನ್ನೊಂದನೆಯ ವಯಸ್ಸಿನಲ್ಲಿ ಬಸ್ಸು ಹತ್ತಿ ಬಂದು ಥಾಣೆಯ ಹೋಟೆಲೊಂದರಲ್ಲಿ ಕಪ್ಪು ಬಸಿ ತೊಳೆದವರು. 1960ರ ದಶಕದ ಕೊನೆಯಲ್ಲಿ ಮುಂಬಯಿಯಲ್ಲಿ ದಕ್ಷಿಣದವರ ವಿರುದ್ಧ ಗದ್ದಲ ಎದ್ದಾಗ, ಒಂದು ಸಂಜೆ ಕಲ್ಲುಗಳು ಬಿದ್ದು, ಶಟರು ಎಳೆದು, ಹುಡುಗರೆಲ್ಲ ಹಿಟ್ಟಿನ ಮೂಟೆಗಳ ಹಿಂದೆ ಕತ್ತಲಲ್ಲಿ ಕುಳಿತಿದ್ದರಂತೆ. ಲುಂಗಿಯವರು ಎಂದು ಹೊರಗೆ ಕೂಗು. "ನಾವು ಹೆದರಿ ಕೂತಿದ್ದೆವು, ಹೊರಗಿನವರು ನಮಗೆ ಹೆದರಿ ಬಂದಿದ್ದರು" ಎಂದು ಮಾವ ನಗುತ್ತಿದ್ದರು. ಲವ್‌ಕ್ರಾಫ್ಟನ ಕತೆಯಲ್ಲಿ ನಾವಿರುವುದು ಆ ಶಟರಿನ ಒಳಗೆ, ರಾಕ್ಷಸರ ಪಾತ್ರದಲ್ಲಿ. ವಿಕ್ಟರ್ ಲವಾಲ್ ಎಂಬ ಕರಿಯ ಲೇಖಕ 2016ರಲ್ಲಿ ಇದೇ ಕತೆಯನ್ನು ಆ ಒಳಗಿನವರ ಕಡೆಯಿಂದ ತಿರುಗಿ ಬರೆದಿದ್ದಾನೆ, 'ದಿ ಬ್ಯಾಲಡ್ ಆಫ್ ಬ್ಲ್ಯಾಕ್ ಟಾಮ್' ಎಂದು. ಅದನ್ನು ಮೊದಲು ಓದಿ ಆಮೇಲೆ ಲವ್‌ಕ್ರಾಫ್ಟನನ್ನು ಓದಬೇಕೆಂದು ಹೇಳುತ್ತೇನೆ.

ಇಷ್ಟು ಹೇಳಿ ನಿಲ್ಲಿಸಿದ್ದರೆ ನಮಗೆಲ್ಲ ಹಿತವಾಗುತ್ತಿತ್ತು. ಆದರೆ ದಿವಾ, ಮುಂಬ್ರಾ ನಿಲ್ದಾಣಗಳಲ್ಲಿ ಹತ್ತುವ ಉತ್ತರದ ಹೊಸ ವಲಸೆಗಾರರ ಬಗ್ಗೆ ನಮ್ಮ ಬೋಗಿಯಲ್ಲಿ, ಅಚ್ಚ ಕನ್ನಡದಲ್ಲಿ ಮತ್ತು ತುಳುವಿನಲ್ಲಿ, ನಡೆಯುವ ಮಾತುಗಳನ್ನು ನಾನು ಕೇಳಿದ್ದೇನೆ. ವಾಸನೆಯ ಮಾತು ಬರುತ್ತದೆ, ಮುಖದ ಮಾತು ಬರುತ್ತದೆ. ರೆಡ್ ಹುಕ್ಕಿನ ಪುಟಗಳನ್ನು ಯಾರೋ ಅನುವಾದಿಸಿ ಹಂಚಿದಂತಿರುತ್ತದೆ. ಮಾವನ ಹೋಟೆಲಿನ ಕತೆಯನ್ನು ಸಂಘದ ವಾರ್ಷಿಕೋತ್ಸವದಲ್ಲಿ ಕಣ್ಣೀರು ಹಾಕಿ ಕೇಳುವವರೂ ನಾವೇ.

ಶರ್ಲಿ ಜಾಕ್ಸನ್ನಳ 'ದಿ ಲಾಟರಿ' ಈ ದೃಷ್ಟಿಯಿಂದ ಎಲ್ಲಕ್ಕಿಂತ ನಿರ್ದಾಕ್ಷಿಣ್ಯದ ಕತೆ. 1948ರ ಜೂನ್ 26ರ 'ನ್ಯೂಯಾರ್ಕರ್' ಪತ್ರಿಕೆಯಲ್ಲಿ ಬಂದಾಗ ಸಿಟ್ಟಿನ ಪತ್ರಗಳು ರಾಶಿ ಬಿದ್ದವು. ಈ ಪದ್ಧತಿ ಯಾವ ಊರಿನಲ್ಲಿದೆ, ನೋಡಲು ಹೋಗಬಹುದೇ ಎಂದು ವಿಚಾರಿಸಿದವರೂ ಇದ್ದರಂತೆ. ಮುನ್ನೂರು ಜನರ ಹಳ್ಳಿ, ಒಳ್ಳೆಯ ಬಿಸಿಲು, ನೆರೆಹೊರೆಯವರ ತಮಾಷೆ, ಒಂದು ಕಪ್ಪು ಪೆಟ್ಟಿಗೆಯಿಂದ ಚೀಟಿ ಎತ್ತುವುದು. ನಮ್ಮ ಬಿಲ್ಡಿಂಗಿನಲ್ಲಿ ತಿಂಗಳ ಐದನೆಯ ತಾರೀಕು ಚೀಟಿ ಎತ್ತುವಾಗಿನ ಹಾಗೆಯೇ ವಾತಾವರಣ. ಗುರುತಿನ ಚೀಟಿ ಬಂದವರಿಗೆ ಅಲ್ಲಿ ಏನು ಸಿಗುತ್ತದೆಂಬುದನ್ನು ಓದದವರಿಗಾಗಿ ಬಿಟ್ಟಿದ್ದೇನೆ. ದೆವ್ವವಿಲ್ಲ, ರಾತ್ರಿಯೂ ಇಲ್ಲ.

ನಮ್ಮ ನೆರೆಯ ಮರಾಠಿಯಲ್ಲಿ ನಾರಾಯಣ ಧಾರಪ, ರತ್ನಾಕರ ಮತಕರಿಯವರು ಈ ಪ್ರಕಾರಕ್ಕೆ ಓದುಗರ ಗೌರವ ತಂದುಕೊಟ್ಟರು. ಕನ್ನಡದಲ್ಲಿ ಅಂಥ ಪರಂಪರೆ ಬೆಳೆಯಲಿಲ್ಲ. ತೆಲುಗಿನಿಂದ ಬಂದ ಯಂಡಮೂರಿಯವರ 'ತುಳಸಿದಳ'ವನ್ನು ನಮ್ಮ ಅಕ್ಕಂದಿರು ಬಾಗಿಲು ಹಾಕಿಕೊಂಡು ಓದಿದರು, 1985ರಲ್ಲಿ ಅದು ಕನ್ನಡ ಚಿತ್ರವೂ ಆಯಿತು; ನಮ್ಮ ಗಂಭೀರ ಲೇಖಕರು ಮಾತ್ರ ದೆವ್ವವನ್ನು ಕಂಡರೆ ಮೂಢನಂಬಿಕೆಯೆಂದೋ ಜಾನಪದವೆಂದೋ ಚೀಟಿ ಅಂಟಿಸಿ ಪಕ್ಕಕ್ಕಿಟ್ಟರು. ಸೊಗಸಾಗಿ ಹೆದರಿಸುವುದೂ ಒಂದು ಕೆಲಸವೆಂದು ತಿಳಿದ ಜನ್ನನ ಭಾಷೆಗೆ ಇದು ಶೋಭೆಯಲ್ಲ. ಮುಂಬಯಿ ಕನ್ನಡಿಗರಲ್ಲಿ ಬರೆಯುವವರು ಅನೇಕರಿದ್ದಾರೆ. ಬೀಗ ಹಾಕಿದ ಊರಮನೆ, ನೀರಿನ ಪೈಪು, ಗಾವದೇವಿಯ ಗುಡಿ, ಇವುಗಳಲ್ಲಿ ಯಾವುದಾದರೂ ಒಂದನ್ನು ಯಾರಾದರೂ ಬರೆಯಲಿ.

ಪೋನ ಕತೆಗಳು ಈಗ ಯಾರ ಸ್ವತ್ತೂ ಅಲ್ಲ, ಫೋನಿನಲ್ಲೇ ಉಚಿತವಾಗಿ ಸಿಗುತ್ತವೆ. ಮೊದಲು ಎದೆಬಡಿತದ ಕತೆ ಓದಿ, ಆಮೇಲೆ ಅಶರ್. ಅಶರ್ ಕತೆಯನ್ನು ಊರಿಗೆ ಹೋಗುವ ಹಿಂದಿನ ದಿನ ಓದುವುದು ಬೇಡ. ನಾನು ಓದಿ ಹೋಗಿದ್ದೆ. ಕಳೆದ ಸಲ ಅಜ್ಜಿಮನೆಯ ಅಂಗಳದಲ್ಲಿ ನಿಂತಾಗ ಮಾಡಿನ ಮೂಲೆಯಿಂದ ಜಗಲಿಯವರೆಗೆ ಗೋಡೆಯಲ್ಲಿ ಒಂದು ಗೆರೆ ಕಾಣಿಸಿತು. ಮಳೆನೀರಿನ ಕಲೆಯಿರಬೇಕೆಂದು ಉಗುರು ಹಾಕಿ ನೋಡಿದೆ, ಉಗುರು ಒಳಗೆ ಹೋಯಿತು. ಫೋಟೋ ತೆಗೆದುಕೊಂಡು ಬಂದಿದ್ದೇನೆ. ಗುಂಪಿಗೂ ಹಾಕಿಲ್ಲ, ಅಮ್ಮನಿಗೂ ಇನ್ನೂ ತೋರಿಸಿಲ್ಲ.